ಎಷ್ಟು ಹೆಚ್ಚು, ಎಷ್ಟು ಕಮ್ಮಿ?

(ಸಂಘದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದ್ದರು. ವಿಷಯ ಏನು ಎಂದು ಕೇಳಿದಾಗ "ಅಳತೆಯಲ್ಲಿರುವ ಅನಿಶ್ಚಿತತೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಜನ ಬರಬೇಕಲ್ಲ ಮೇಡಂ, ಹೆಸರು ಸ್ವಲ್ಪ ಸರಳ ಇರಲಿ" ಎಂದರು. ಅವರು ಹೇಳಿದ್ದು ನ್ಯಾಯವೇ. ಹಾಗಾಗಿ ನಾವು ದಿನವೂ ಆಡುವ ಒಂದು ಮಾತನ್ನು ಹಿಡಿದುಕೊಂಡು ಬಂದಿದ್ದೇನೆ: ಹೆಚ್ಚುಕಮ್ಮಿ.

ಈ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. "ದಾದರ್‌ಗೆ ಹೋಗಲು ಹೆಚ್ಚುಕಮ್ಮಿ ಒಂದು ಗಂಟೆ ಬೇಕು" ಎನ್ನುತ್ತೇವೆ. "ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?" ಎಂದೂ ಕೇಳುತ್ತೇವೆ. ಮೊದಲನೆಯದು ಅಂದಾಜು, ಎರಡನೆಯದು ಅನಾಹುತ. ಮೊದಲನೆಯ ಹೆಚ್ಚುಕಮ್ಮಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ಒಮ್ಮೊಮ್ಮೆ ಎರಡನೆಯದು ಆಗಿಬಿಡುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ನನಗೆ ಕಲಿಸಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂತೆ ನಾನು ಮೂವತ್ತು ವರ್ಷ ಪೆಥಾಲಜಿ ಲ್ಯಾಬಿನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಕೆಲಸ ಮಾಡಿದವಳು. ನಮ್ಮ ಅತ್ತೆಯವರು ಧಾರವಾಡದವರು, ಕೊನೆಯ ವರ್ಷಗಳಲ್ಲಿ ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದರು. ಸಕ್ಕರೆ ಕಾಯಿಲೆ ಇತ್ತು. ಮಗ ತಂದುಕೊಟ್ಟ ಗ್ಲುಕೋಮೀಟರಿನಲ್ಲಿ ವಾರಕ್ಕೆರಡು ಸಲ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಾವೇ ಬೆರಳು ಚುಚ್ಚಿಕೊಂಡು, ಬಂದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಸಕ್ಕರೆಯ ಲೆಕ್ಕ.

ಒಂದು ಸೋಮವಾರ 138 ಬಂತು. ಗುರುವಾರ 151. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. "ಹದಿಮೂರು ಏರ್ಯದ ನೋಡು" ಎಂದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಲೇ, "ಹೌದಲ್ಲ ಅತ್ತಿ, ಇವತ್ತು ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡ್ರಿ" ಎಂದು ಹೇಳಿ ಹೋದೆ. ಲ್ಯಾಬಿನವಳು ಹೇಳಿದ ಮಾತು, ಅವರಿಗೆ ಅದು ವೇದವಾಕ್ಯ. ರಾತ್ರಿ ಬರೀ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ನನಗೆ ಗೊತ್ತಿಲ್ಲದ ಹಾಗೆ ಅರ್ಧ ಮಾತ್ರೆ ಹೆಚ್ಚಿಗೆ ನುಂಗಿದ್ದರು.

ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಅವರ ಸೀರೆ ಬೆವರಿನಿಂದ ತೊಯ್ದು ಹೋಗಿತ್ತು. ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಮೀಟರ್ 52 ತೋರಿಸಿತು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೇವರ ದಯೆ, ಎರಡು ದಿನಕ್ಕೆ ಮನೆಗೆ ಬಂದರು. ಬಂದವರು ಕ್ಯಾಲೆಂಡರಿನ ಮುಂದೆ ನಿಂತು ನನ್ನನ್ನು ಕೇಳಿದರು: "ಆ ಹದಿಮೂರು ಎಲ್ಲಿಂದ ಬಂದಿತ್ತು?"

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ನನ್ನ ಭಾಷಣ.

ಮನೆಯಲ್ಲಿ ಬಳಸುವ ಗ್ಲುಕೋಮೀಟರಿಗೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. 2013ರ ಆ ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ನೂರರಲ್ಲಿ 95 ಸಲ ಮೀಟರಿನ ಸಂಖ್ಯೆ ಲ್ಯಾಬಿನ ಸಂಖ್ಯೆಗಿಂತ ಶೇಕಡಾ 15ರಷ್ಟು ಆಚೆ ಈಚೆ ಇದ್ದರೆ ಅದು ಒಳ್ಳೆಯ ಮೀಟರ್. 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ ಆಚೆ ಈಚೆ. ಗಮನಿಸಿ, ಇದು ಕೆಟ್ಟ ಮೀಟರಿನ ಮಾತಲ್ಲ, ಪಾಸಾದ ಮೀಟರಿನ ಮಾತು. ಅಂದರೆ ಸೋಮವಾರದ 138 ಎಂದರೆ 117ರಿಂದ 159ರ ಒಳಗೆ ಎಲ್ಲೋ ಒಂದು ಕಡೆ. ಗುರುವಾರದ 151 ಎಂದರೆ 128ರಿಂದ 174ರ ಒಳಗೆ. ಎರಡು ಸೀರೆಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ ಈ ಎರಡು ವ್ಯಾಪ್ತಿಗಳು ಬಹುಪಾಲು ಒಂದರ ಮೇಲೊಂದು ಕೂತಿವೆ. ಎರಡೂ ದಿನ ಅತ್ತೆಯವರ ಸಕ್ಕರೆ ಒಂದೇ ಇದ್ದಿರಬಹುದು. ಗುರುವಾರ ಸ್ವಲ್ಪ ಇಳಿದೂ ಇದ್ದಿರಬಹುದು!

ಇಷ್ಟೇ ಆಗಿದ್ದರೆ ಮೀಟರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ದೇಹವೂ ಒಂದೇ ಸಮನೆ ಇರುವುದಿಲ್ಲ. ಆರೋಗ್ಯವಂತರಲ್ಲೂ ಖಾಲಿ ಹೊಟ್ಟೆಯ ಸಕ್ಕರೆ ದಿನದಿಂದ ದಿನಕ್ಕೆ ಸುಮಾರು ಶೇಕಡಾ ಐದರಷ್ಟು ತಾನಾಗಿಯೇ ಏರಿಳಿಯುತ್ತದೆ, ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ನಿದ್ದೆ, ಆತಂಕ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಉಂಡೆವು, ಎಲ್ಲವೂ ಸೇರುತ್ತವೆ.

ಹಾಗಾದರೆ ಎರಡು ಹೆಚ್ಚುಕಮ್ಮಿಗಳನ್ನು ಕೂಡಿಸುವುದು ಹೇಗೆ? ಲೆಕ್ಕ ಸುಲಭವಾಗಲಿ ಎಂದು ಮೀಟರಿನ ಓಲಾಟ 8, ದೇಹದ ಓಲಾಟ 6 ಎಂದು ಇಟ್ಟುಕೊಳ್ಳೋಣ. ಒಟ್ಟು 14 ಎನ್ನುತ್ತೀರಿ. ಅಲ್ಲ, 10. ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ, ಒಂದು ಮೇಲಕ್ಕೆ ಎಳೆದಾಗ ಇನ್ನೊಂದು ಕೆಳಕ್ಕೆ ಎಳೆಯುವುದೂ ಉಂಟು. ಆದ್ದರಿಂದ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುತ್ತಾರೆ: 64ಕ್ಕೆ 36 ಕೂಡಿಸಿದರೆ 100, ಅದರ ವರ್ಗಮೂಲ 10. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವೇ ಇದು. ಈಗ ಎರಡು ದಿನದ ಸಂಖ್ಯೆಗಳನ್ನು ಹೋಲಿಸುತ್ತಿದ್ದೇವೆ, ಎರಡಕ್ಕೂ ಹತ್ತು ಹತ್ತು ಓಲಾಟ. ಅದೇ ರೀತಿ ಕೂಡಿಸಿದರೆ ವ್ಯತ್ಯಾಸದ ಓಲಾಟ 14. ಅಂದರೆ ಏನೂ ಬದಲಾಗದಿದ್ದರೂ ಎರಡು ಸಂಖ್ಯೆಗಳ ನಡುವೆ ಹದಿನಾಲ್ಕರ ಆಸುಪಾಸಿನ ವ್ಯತ್ಯಾಸ ಬರುವುದು ತೀರ ಸಾಮಾನ್ಯ. ನಿಜವಾದ ಓಲಾಟ ನಾನು ಇಟ್ಟುಕೊಂಡ 8 ಮತ್ತು 6ಕ್ಕಿಂತ ಹೆಚ್ಚೇ ಇರುತ್ತದೆ. ಅತ್ತೆಯವರ ಹದಿಮೂರು ಎಲ್ಲಿಂದಲೂ ಬಂದಿರಲಿಲ್ಲ. ಅದು ಕ್ಯಾಲೆಂಡರಿನ ಮೇಲೆ ಮಾತ್ರ ಇತ್ತು.

ಗೆಳತಿಯರೆ, ನನಗೆ ನಾಚಿಕೆಯಾದದ್ದು ಇಲ್ಲಿ. ಲ್ಯಾಬಿನಲ್ಲಿ ನಾನು ಪ್ರತಿದಿನ ಬೆಳಗ್ಗೆ ಮೊದಲು ಮಾಡುತ್ತಿದ್ದ ಕೆಲಸವೇ ಇದು. ರೋಗಿಗಳ ರಕ್ತ ಮುಟ್ಟುವ ಮೊದಲು ಕಂಟ್ರೋಲ್ ಸ್ಯಾಂಪಲ್ ಹಾಕುತ್ತೇವೆ. ಅದರಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮೊದಲೇ ಗೊತ್ತಿರುತ್ತದೆ. ಯಂತ್ರ ಎಷ್ಟು ತೋರಿಸಿತು ಎಂದು ಒಂದು ಗ್ರಾಫಿನಲ್ಲಿ ಚುಕ್ಕೆ ಇಡುತ್ತೇವೆ. ಒಂದೇ ಸ್ಯಾಂಪಲ್, ಒಂದೇ ಯಂತ್ರ, ಆದರೂ ಚುಕ್ಕೆಗಳು ಒಂದೇ ಗೆರೆಯಲ್ಲಿ ಕೂರುವುದಿಲ್ಲ, ನಡುಗೆರೆಯ ಮೇಲೆ ಕೆಳಗೆ ಚದುರುತ್ತವೆ. ಆ ಚದುರುವಿಕೆಯ ಅಳತೆಯೇ ನಮ್ಮ ಹೆಚ್ಚುಕಮ್ಮಿ. ಮೂವತ್ತು ವರ್ಷ ಚುಕ್ಕೆ ಇಟ್ಟವಳು ನನ್ನ ಮನೆಯ ಗೋಡೆಯ ಮೇಲಿನ ಎರಡು ಚುಕ್ಕೆಗಳನ್ನು ಓದಲು ತಪ್ಪಿದೆ.

ಇನ್ನು, ಹೆಚ್ಚುಕಮ್ಮಿಯಲ್ಲಿ ಎರಡು ಜಾತಿ. ಅಡುಗೆಮನೆಗೇ ಬನ್ನಿ. ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತೀರಿ. ಪ್ರತಿ ಸಲ ತಲೆ ಸವರಿ ಸುರಿದರೂ ನಾಲ್ಕು ಕಾಳು ಹೆಚ್ಚು, ನಾಲ್ಕು ಕಾಳು ಕಮ್ಮಿ ಆಗಿಯೇ ಆಗುತ್ತದೆ. ಇದು ಚದುರುವ ತಪ್ಪು. ಇದಕ್ಕೆ ಮದ್ದು ಇದೆ: ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದು. ನಾಲ್ಕು ಸಲ ಅಳೆದು ಸರಾಸರಿ ತೆಗೆದರೆ ಈ ತಪ್ಪು ಅರ್ಧಕ್ಕೆ ಇಳಿಯುತ್ತದೆ, ಹದಿನಾರು ಸಲ ಅಳೆದರೆ ಕಾಲು ಭಾಗಕ್ಕೆ. ಬಿ.ಪಿ. ನೋಡುವಾಗ ಒಳ್ಳೆಯ ಡಾಕ್ಟರು ಎರಡು ಮೂರು ಸಲ ನೋಡುವುದು ಇದಕ್ಕೇ.

ಆದರೆ ಪಾವಿನ ತಳ ಒಳಕ್ಕೆ ನೆಗ್ಗಿದೆ ಎಂದುಕೊಳ್ಳಿ. ಆಗ ನೂರು ಸಲ ಅಳೆದರೂ ನೂರು ಸಲವೂ ಕಮ್ಮಿಯೇ. ಇದು ಓರೆಯ ತಪ್ಪು. ಸರಾಸರಿ ತೆಗೆದು ಏನೂ ಪ್ರಯೋಜನ ಇಲ್ಲ. ತೋಳು ದಪ್ಪಗಿದ್ದವರಿಗೆ ಚಿಕ್ಕ ಪಟ್ಟಿ ಕಟ್ಟಿ ಬಿ.ಪಿ. ನೋಡಿದರೆ ಪ್ರತಿ ಸಲವೂ ಹೆಚ್ಚೇ ಬರುತ್ತದೆ. ಈ ತಪ್ಪನ್ನು ಹಿಡಿಯಲು ಇರುವ ದಾರಿ ಒಂದೇ, ಸರಿಯಾಗಿದೆ ಎಂದು ಖಾತ್ರಿಯಿರುವ ಇನ್ನೊಂದು ಅಳತೆಯ ಪಕ್ಕದಲ್ಲಿಟ್ಟು ನೋಡುವುದು.

2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ತಾಪಮಾನ ಎಂಬ ಸುದ್ದಿ ದೇಶವನ್ನೆಲ್ಲ ಬೆಚ್ಚಿಬೀಳಿಸಿತ್ತು, ನೆನಪಿದೆಯೆ? ಹವಾಮಾನ ಇಲಾಖೆ ಆಮೇಲೆ ಪ್ರಮಾಣಿತ ಉಪಕರಣದ ಜೊತೆ ಹೋಲಿಸಿ ಪರೀಕ್ಷೆ ಮಾಡಿತು. ಅಲ್ಲಿನ ಸ್ವಯಂಚಾಲಿತ ಕೇಂದ್ರದ ಸೆನ್ಸರ್ 3 ಡಿಗ್ರಿಯಷ್ಟು ಹೆಚ್ಚು ತೋರಿಸುತ್ತಿತ್ತು. ದೆಹಲಿ ಅವತ್ತು ಸುಡುತ್ತಿದ್ದದ್ದು ನಿಜ, ಆದರೆ ಆ ದಾಖಲೆಯ ಸಂಖ್ಯೆ ನೆಗ್ಗಿದ ಪಾವಿನ ಅಳತೆಯಾಗಿತ್ತು.

ಈ ಮಾತು ಬಂದಾಗ ನಾವು ಹೆಂಗಸರು ನೆನೆಯಲೇಬೇಕಾದ ಹೆಸರು ಅನ್ನಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಸಿಗಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದರು. ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದು ಮಾದರಿಗೆ ತಂದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. ಇವತ್ತು ಮೊಬೈಲಿನಲ್ಲಿ ನಾವು ತಾಪಮಾನ ನೋಡುತ್ತೇವಲ್ಲ, ಅದರ ಹಿಂದೆ ಇಂಥವರ ಹಟ ಇದೆ.

ಈಗ ನಮ್ಮೆಲ್ಲರ ಮನೆಗೆ ಬರುವ ಇನ್ನೊಂದು ಕಾಗದದ ಬಗ್ಗೆ ಹೇಳುತ್ತೇನೆ. ಹುಟ್ಟುಹಬ್ಬಕ್ಕೆ ಮಕ್ಕಳು "ಫುಲ್ ಬಾಡಿ ಚೆಕಪ್" ಉಡುಗೊರೆ ಕೊಡುವ ಕಾಲ ಇದು. ರಿಪೋರ್ಟಿನಲ್ಲಿ ಒಂದು ಸಂಖ್ಯೆ ದಪ್ಪ ಅಕ್ಷರದಲ್ಲಿದ್ದರೆ ನಮ್ಮ ಎದೆ ಧಸಕ್ ಎನ್ನುತ್ತದೆ. ಪಕ್ಕದಲ್ಲಿ "ನಾರ್ಮಲ್ ರೇಂಜ್" ಎಂದು ಬರೆದಿರುತ್ತದಲ್ಲ, ಅದನ್ನು ಹೇಗೆ ನಿರ್ಧರಿಸುತ್ತಾರೆ ಗೊತ್ತೆ? ಸಾಮಾನ್ಯವಾಗಿ ಆರೋಗ್ಯವಂತರ ರಕ್ತ ಪರೀಕ್ಷಿಸಿ, ನಡುವಿನ ಶೇಕಡಾ 95 ಮಂದಿ ಬರುವ ಹಾಗೆ ಎರಡು ಗೆರೆ ಎಳೆಯುತ್ತಾರೆ. ಹಾಗೆ ಮಾಡಿದಾಗ ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರು ಗೆರೆಯ ಹೊರಗೆ ಉಳಿಯುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಲ್ಲೂ ಒಂದಾದರೂ ಸಂಖ್ಯೆ ಗೆರೆ ದಾಟುವ ಸಾಧ್ಯತೆ ನೂರಕ್ಕೆ 64! ಗೆರೆಯ ಹೊರಗೆ ಕೂದಲೆಳೆಯಷ್ಟು ಹೋದ ಒಂದು ಸಂಖ್ಯೆಗಾಗಿ ರಾತ್ರಿ ನಿದ್ದೆಗೆಡುವ ಮೊದಲು ಇದನ್ನು ನೆನಪಿಸಿಕೊಳ್ಳಿ, ಬೆಳಗ್ಗೆ ಡಾಕ್ಟರನ್ನು ಕೇಳಿ. ಯಾವ ಲಕ್ಷಣವೂ ಇಲ್ಲದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 126 ದಾಟಿದರೂ, ಒಂದೇ ಪರೀಕ್ಷೆಯಿಂದ ಕಾಯಿಲೆ ಎಂದು ಹಣೆಪಟ್ಟಿ ಹಚ್ಚದೆ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ.

ಇಷ್ಟು ಹೊತ್ತು ಕೈಯಲ್ಲಿರುವುದನ್ನು ಅಳೆಯುವ ಮಾತಾಯಿತು. ಇನ್ನೂ ಬಾರದಿರುವುದನ್ನು ಅಳೆಯುವುದು ಹೇಗೆ? ಮಳೆಯ ಮುನ್ಸೂಚನೆ ಅಂಥದ್ದು. ಅಲ್ಲಿ ಅಳೆಯುವುದು ಉಪಕರಣವಲ್ಲ, ಗಣಿತದ ಮಾದರಿ. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ವಿಜ್ಞಾನಿ ಕಂಪ್ಯೂಟರಿನಲ್ಲಿ ಒಂದು ಲೆಕ್ಕವನ್ನು ಎರಡನೆಯ ಸಲ ಓಡಿಸುವಾಗ 0.506127 ಎಂಬುದರ ಬದಲು 0.506 ಎಂದು ಹಾಕಿದರು. ಅಷ್ಟು ಸಣ್ಣ ವ್ಯತ್ಯಾಸ, ಕೊಸರಿಗೂ ಸಾಲದು. ಸ್ವಲ್ಪ ಹೊತ್ತಿಗೆ ಹಳೆಯ ಲೆಕ್ಕದ ಹವೆಗೂ ಹೊಸ ಲೆಕ್ಕದ ಹವೆಗೂ ಸಂಬಂಧವೇ ಇಲ್ಲದ ಹಾಗಾಯಿತು. ಇವತ್ತಿನ ಹವೆಯನ್ನು ಅಳೆಯುವುದರಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಅದು ಮುಂದಿನ ವಾರಕ್ಕೆ ಬೆಟ್ಟದಷ್ಟು ಬೆಳೆಯಬಲ್ಲದು. ಅದಕ್ಕೇ ಹವಾಮಾನ ಕೇಂದ್ರಗಳು ಒಂದೇ ಲೆಕ್ಕವನ್ನು ನಂಬುವುದಿಲ್ಲ. ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಹತ್ತಾರು ಸಲ ಲೆಕ್ಕ ಓಡಿಸುತ್ತವೆ. ಬಹುಪಾಲು ಉತ್ತರಗಳು ಒಂದೇ ಕಡೆ ಬಂದರೆ ಧೈರ್ಯವಾಗಿ ಹೇಳಬಹುದು. ದಿಕ್ಕಿಗೊಂದು ಹೋದರೆ, ಆ ಅನುಮಾನವೂ ಒಂದು ಮಾಹಿತಿಯೇ. ಚಂಡಮಾರುತದ ನಕ್ಷೆಯಲ್ಲಿ ದಾರಿ ಮುಂದಕ್ಕೆ ಹೋದ ಹಾಗೆ ಕೊಂಬುಕಹಳೆಯಂತೆ ಅಗಲವಾಗುವುದನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಆ ಅಗಲವೇ ಹೆಚ್ಚುಕಮ್ಮಿಯ ಚಿತ್ರ.

2023ರ ಏಪ್ರಿಲಿನಲ್ಲಿ ಹವಾಮಾನ ಇಲಾಖೆ ಮುಂಗಾರು ದೀರ್ಘಾವಧಿ ಸರಾಸರಿಯ ಶೇಕಡಾ 96ರಷ್ಟು ಇರುತ್ತದೆ, ಐದರಷ್ಟು ಹೆಚ್ಚುಕಮ್ಮಿ ಎಂದಿತ್ತು. ಬಂದದ್ದು 94. ಬರೀ 96 ನೆನಪಿಟ್ಟವರಿಗೆ ಇಲಾಖೆ ಹೇಳಿದ್ದು ತಪ್ಪಿತು. 91ರಿಂದ 101 ಎಂದು ಓದಿದವರಿಗೆ ತಪ್ಪಲಿಲ್ಲ. ಆದರೂ ಆ ವರ್ಷ ನಮ್ಮ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಇಡೀ ದೇಶದ ಸರಾಸರಿ ಒಂದು ಊರಿನ ಹೊಲದ ಕಥೆ ಹೇಳುವುದಿಲ್ಲ. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆಯಾದಾಗ ಕೊಲಾಬಾದಲ್ಲಿ ಆದದ್ದು ಬರೀ 73. ಮುಂಬಯಿಯಲ್ಲಿ ಅವತ್ತು ಎಷ್ಟು ಮಳೆ ಎಂದು ಒಂದೇ ಸಂಖ್ಯೆಯಲ್ಲಿ ಹೇಳಿ ನೋಡೋಣ!

ಹಾಗಾದರೆ ಒಳ್ಳೆಯ ಯಂತ್ರ, ಒಳ್ಳೆಯ ಗಣಿತ ಸಿಕ್ಕರೆ ಈ ಹೆಚ್ಚುಕಮ್ಮಿಯನ್ನು ಪೂರ್ತಿ ಅಳಿಸಿಬಿಡಬಹುದೆ? ಇದಕ್ಕೆ ಉತ್ತರ ಕೊಟ್ಟವರು ಸಿ.ಆರ್. ರಾವ್. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದವರು. ಇಪ್ಪತ್ತೈದರ ಹರೆಯದಲ್ಲಿ, 1945ರಲ್ಲಿ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ಲೇಖನ ಇಂದಿಗೂ ಸಂಖ್ಯಾಶಾಸ್ತ್ರದ ಅಡಿಪಾಯ. ಕೈಯಲ್ಲಿರುವ ಮಾಹಿತಿ ಇಷ್ಟೇ ಆದರೆ, ಯಾವ ಜಾಣತನದ ಲೆಕ್ಕದಿಂದಲೂ ಅಂದಾಜಿನ ಓಲಾಟವನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು ಎಂದು ತೋರಿಸಿ, ಆ ಮಿತಿ ಎಷ್ಟು ಎಂದೂ ಹೇಳಿದರು. ಇದಕ್ಕೆ ಕ್ರಾಮರ್–ರಾವ್ ಮಿತಿ ಎಂದು ಹೆಸರು. ಮಾಹಿತಿ ಹೆಚ್ಚಿಸಿಕೊಂಡರೆ ಮಿತಿ ಇಳಿಯುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. 2023ರಲ್ಲಿ, 102ನೆಯ ವಯಸ್ಸಿನಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು. ತಮ್ಮ ಒಂದು ಪುಸ್ತಕವನ್ನು ಅವರು ಅರ್ಪಿಸಿದ್ದು ತಾಯಿ ಲಕ್ಷ್ಮೀಕಾಂತಮ್ಮನವರಿಗೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದದ್ದನ್ನು ಅಲ್ಲಿ ನೆನೆದಿದ್ದಾರೆ. ಅನುಮಾನವನ್ನು ಅಳೆಯುವ ಶಾಸ್ತ್ರದ ಹಿಂದೆ ಹೀಗೆ ಒಬ್ಬ ತಾಯಿಯ ದೀಪವೂ ಇದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನನ್ನ ಮಾತು ಕೇಳಿ ಯಾರೂ "ಎಲ್ಲಾ ಅಂದಾಜೇ ಅಂತೆ, ರಿಪೋರ್ಟು ನಂಬಬೇಡಿ" ಎಂದು ವಾಟ್ಸಾಪಿನಲ್ಲಿ ಹಾಕಬೇಡಿ! ಅವತ್ತು ರಾತ್ರಿ ಮೂರು ಗಂಟೆಗೆ ಮೀಟರ್ 52 ತೋರಿಸಿತಲ್ಲ, ಅದಕ್ಕೂ 15ರ ಹೆಚ್ಚುಕಮ್ಮಿ ಇತ್ತು. ಅಂದರೆ 37ರಿಂದ 67. ಆದರೆ ಸಕ್ಕರೆ 70ಕ್ಕಿಂತ ಇಳಿದರೇ ಅಪಾಯ ಶುರು. ಎಷ್ಟೇ ಹೆಚ್ಚುಕಮ್ಮಿ ಹಿಡಿದರೂ ಆ ವ್ಯಾಪ್ತಿ ಪೂರ್ತಿ ಅಪಾಯದ ಒಳಗೇ ಇತ್ತು, ಬೆವರು ಮತ್ತು ತೊದಲು ಮಾತೂ ಅದನ್ನೇ ಹೇಳುತ್ತಿದ್ದವು. ಅಲ್ಲಿ ಅಳೆದೂ ಸುರಿದೂ ಕೂತಿದ್ದರೆ ಅತ್ತೆಯವರು ಉಳಿಯುತ್ತಿರಲಿಲ್ಲ. 13 ಏರಿದಾಗ ಸುಮ್ಮನಿರಬೇಕಿತ್ತು, 52 ಕಂಡಾಗ ಓಡಬೇಕಿತ್ತು. ಎರಡನ್ನೂ ಹೇಳಿಕೊಡುವುದು ಒಂದೇ ಲೆಕ್ಕ.

ಆದ್ದರಿಂದ ಯಾವ ಸಂಖ್ಯೆ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ. ಇದಕ್ಕೆ ಎಷ್ಟು ಹೆಚ್ಚುಕಮ್ಮಿ? ಮತ್ತೊಮ್ಮೆ ಅಳೆದರೆ ಎಷ್ಟು ಬಂದೀತು? ಅಳೆದ ಪಾವನ್ನು ಯಾರಾದರೂ ಪರೀಕ್ಷಿಸಿದ್ದಾರೆಯೆ? ಕೇಳಲು ಸಂಕೋಚ ಬೇಡ. ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ, ಅಳತೆಯ ಅನಿಶ್ಚಿತತೆ ಎಷ್ಟು ಎಂದು ಕೇಳಿದವರಿಗೆ ಮಾಹಿತಿ ಕೊಡಬೇಕು ಎಂದು. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಒಬ್ಬ ರೋಗಿಯೂ ನನ್ನನ್ನು ಕೇಳಲಿಲ್ಲ. ಮನೆಯಲ್ಲಿ ಅತ್ತೆಯವರೊಬ್ಬರೇ ಕೇಳಿದ್ದು.

ಆಮೇಲೆ ಅವರು ಡಾಕ್ಟರ ಬಳಿ ಮಾತಾಡಿ ಒಂದು ಕ್ರಮ ಮಾಡಿಕೊಂಡರು. ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಬಿಡಲಿಲ್ಲ. ತಿಂಗಳ ಕೊನೆಗೆ ಎಲ್ಲ ಸಂಖ್ಯೆಗಳನ್ನು ಕೂಡಿಸಿ ಭಾಗಿಸಿ, ಆ ಸರಾಸರಿಯ ಸುತ್ತ ಪೆನ್ಸಿಲಿನಿಂದ ಒಂದು ಗುಂಡು ಹಾಕುತ್ತಿದ್ದರು. ಮಾತ್ರೆಯ ಮಾತು ಡಾಕ್ಟರದು. ನಡುವೆ ಒಂದು ದಿನ ಹತ್ತು ಹನ್ನೆರಡು ಏರಿದರೆ ನನ್ನ ಕಡೆ ನೋಡಿ, "ಇದು ಹೆಚ್ಚುಕಮ್ಮಿ ಅದ, ನೀ ಡ್ಯೂಟಿಗೆ ಹೋಗು" ಎನ್ನುತ್ತಿದ್ದರು. ಆಮೇಲೂ ಆರು ವರ್ಷ ನಮ್ಮ ಜೊತೆ ಇದ್ದರು. ಆ ಕ್ಯಾಲೆಂಡರುಗಳು ಇನ್ನೂ ನನ್ನ ಬೀರುವಿನಲ್ಲಿವೆ.

 ಅರ್ಧ ಗಂಟೆ ಎಂದು ಹೇಳಿದ್ದೆ, ಐದು ನಿಮಿಷ ಹೆಚ್ಚುಕಮ್ಮಿ ಆಗಿದ್ದರೆ ಕ್ಷಮಿಸಿ.